ಗಾಳಿಗೊಂದು ಲೋಟ ನೀರು

ಕೀಲ್ಪಾಕ್, ಮದರಾಸು
25 ಜನವರಿ 1954

ಅಂಬುಜಾ,

ಸುಖವಾಗಿ ತಲುಪಿದೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ತಲುಪಿದ ಮೇಲೆ ಸುಖ ಶುರುವಾಯಿತು.

ಸಾಹುಕಾರ್ ವೆಂಕಟಗಿರಿಯವರು ಸ್ಟೇಷನ್ನಿಗೇ ಕಾರು ಕಳಿಸಿದ್ದರು. ಹೈಸ್ಕೂಲಿನಲ್ಲಿ ಷಷ್ಠೀ ವಿಭಕ್ತಿ ಹೇಳಿಕೊಡುವ ಕನ್ನಡ ಮೇಷ್ಟ್ರಿಗೆ ಕಾರು! ಡ್ರೈವರು ಬಾಗಿಲು ತೆಗೆದು ನಿಂತ. ಮೊದಲು ಅವನು ಹತ್ತಲಿ ಅಂತ ನಾನೂ ನಿಂತೆ. ಸ್ವಲ್ಪ ಹೊತ್ತು ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಬಂಗಲೆ ದೊಡ್ಡದು. ಮುಂದೆ ಹೂದೋಟ, ಒಳಗೆ ಕನ್ನಡಿಯಂಥ ನೆಲ, ತಲೆ ಮೇಲೆ ಫ್ಯಾನು. ಹಾಸಿಗೆಯಲ್ಲಿ ಕೂತಲ್ಲಿಗೇ ಕಾಫಿ ಬರುತ್ತೆ. ಒಬ್ಬ ಅಡಿಗೆಯವ, ಒಬ್ಬ ಗೂರ್ಖಾ, ಒಬ್ಬ ನಾನು. ಷರತ್ತು ಒಂದೇ: ಚಿತ್ರದ ಮಾತೆಲ್ಲ ಬರೆದು ಮುಗಿಸುವ ತನಕ ಗೇಟು ದಾಟುವ ಹಾಗಿಲ್ಲ. ಹಿಂದಿನ ಚಿತ್ರಕ್ಕೆ ಬರೆಯುತ್ತಿದ್ದವರು ಸಮುದ್ರದ ಗಾಳಿ ಕುಡಿದು ಬರುತ್ತೇನೆ ಅಂತ ಹೋಗಿ ಬೇರೆ ಕಂಪನಿಯಲ್ಲಿ ತೇಲಿದರಂತೆ. ಅಂದಿನಿಂದ ಇಲ್ಲಿ ಇದೇ ಪದ್ಧತಿ. ಬರೆಯುವವನನ್ನು ಒಳಗಿಟ್ಟು ತುಪ್ಪ ಬಡಿಸುವುದು.

ಕಥೆ ಕೇಳು. ಹೇಮಲೇಖೆ ಅಂತ ಒಬ್ಬ ರಾಜಕುಮಾರಿ. ರಾಕ್ಷಸ ಅವಳನ್ನು ಎತ್ತಿಕೊಂಡು ಹೋಗಿ ಚಿನ್ನದ ಅರಮನೆಯಲ್ಲಿಡುತ್ತಾನೆ. ಕೇಳಿದ್ದೆಲ್ಲ ಕೊಡುತ್ತಾನೆ, ಬಾಗಿಲೊಂದು ಬಿಟ್ಟು. ಅಲ್ಲಿ ಅವಳು ಏನು ಮಾತಾಡುತ್ತಾಳೆ ಅನ್ನುವುದನ್ನು ನಾನು ಬರೆಯಬೇಕು. ಸೆರೆಯಾದವಳ ಮಾತಿಗೆ ಸೆರೆಯಾದವನೇ ತಕ್ಕವನು ಅಂತ ಸಾಹುಕಾರರ ಎಣಿಕೆಯೋ ಏನೋ.

ತಿನ್ನೋಕೆ ಬಾದಾಮಿ ಹಲ್ವ,
ಮಾತಾಡೋಕೆ ಯಾರೂ ಇಲ್ವ.

ಶಿವರಾತ್ರಿ ಹೊತ್ತಿಗೆ ಬಂದುಬಿಡುತ್ತೇನೆ. ಅಲ್ಲಿಯವರೆಗೆ ರಾಜಾಜಿನಗರದಲ್ಲಿ ಹೊಸ ಮನೆ ಕಟ್ಟಿಸುವ ಕೆಲಸ ನಿನ್ನದೇ ಉಸ್ತುವಾರಿ. ನಾನು ಬಂದ ಮೇಲೆ ಜೊತೆಯಲ್ಲಿ ಬಲಗಾಲಿಟ್ಟು ಒಳಗೆ ಹೋಗೋಣ.

ನಿನ್ನ ಸುಖಬಂದಿ,
ಪುರುಷೋತ್ತಮ


ಬಿನ್ನಿಪೇಟೆ, ಬೆಂಗಳೂರು
8 ಫೆಬ್ರವರಿ 1954

ಯಜಮಾನರಿಗೆ ಅಂಬುಜಳ ನಮಸ್ಕಾರ.

ನಿಮ್ಮ ಕಾಗದವನ್ನು ಪಕ್ಕದ ಮನೆ ನೀಲಗಂಗಮ್ಮನವರು ಓದಿಸಿ ಕೇಳಿದರು. ಕೇಳಿದ ಮೇಲೆ, "ಹಾಸಿಗೇಗೇ ಕಾಫಿ ತಂದುಕೊಡ್ತಾರೆ ಅಂದ್ರೆ ಮೇಷ್ಟ್ರಿಗೆ ಜ್ವರವೇನೇ ಅಂಬುಜಾ?" ಅಂದರು. ಇಲ್ಲ, ಸುಖ ಅಂದೆ. ಇಷ್ಟು ವರ್ಷ ನಾನು ತಂದುಕೊಟ್ಟದ್ದು ಏನು ರೀ, ಕಷಾಯವೇ?

ಮನೆ ಕಿಟಕಿ ಮಟ್ಟಕ್ಕೆ ಬಂದಿದೆ. ನಮ್ಮ ಬೀದಿಯಲ್ಲಿ ಇನ್ನೂ ಮನೆಗಿಂತ ಗಡಿಕಲ್ಲೇ ಜಾಸ್ತಿ. ಮೇಸ್ತ್ರಿ ಅಂಜಿನಯ್ಯ ಒಳ್ಳೆಯವನು, ಬಾಯಿ ಮಾತ್ರ ನಿಲ್ಲಲ್ಲ. "ಅಮ್ಮಾ, ಹಸುಗೂಸಿಗೆ ಕುಡಿಸ್ದಂಗೆ ಗೋಡೆಗೆ ನೀರು ಕುಡಿಸ್ಬೇಕು, ಇಲ್ದಿದ್ರೆ ಬಿರುಕು ಬಿಡ್ತದೆ" ಅಂದ. ಅದಕ್ಕೆ ದಿನಾ ಸಂಜೆ ಮಾಗಡಿ ರಸ್ತೆ ರೈಲ್ವೆ ಗೇಟು ದಾಟಿ ನಡೆದುಕೊಂಡು ಹೋಗ್ತೀನಿ, ಮೂಲೆ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಗೋಡೆಗೆ ಹಾಕ್ತೀನಿ. ಹಿಂದಿನ ಸಣ್ಣ ಕೋಣೆ ಯಾರಿಗಮ್ಮಾ ಅಂತ ಕೇಳಿದ. ಪುಸ್ತಕಕ್ಕೆ ಅಂದೆ.

ನೀರು ಹಾಕಿ ಮೆಟ್ಟಿಲ ಮೇಲೆ ಕೂತ್ಕೋತೀನಿ. ಬಯಲು, ಲಂಟಾನ ಪೊದೆ, ದೂರದಲ್ಲಿ ಮಿಲ್ಲಿನ ಕೂಗು. ಒಂದೊಂದು ಸಲ ಹಿಂದೆ ನಿಮ್ಮ ಚಪ್ಪಲಿ ಸದ್ದಾದ ಹಾಗಾಗುತ್ತೆ. ತಿರುಗಿ ನೋಡಿದರೆ ಗಾಳಿ. ಅಷ್ಟು ದೂರದಿಂದ ಬಂದಿದೆಯಲ್ಲ, ಗಾಳಿಗೇ ಒಂದು ಲೋಟ ನೀರು ಕೊಟ್ಟು ಕೂರಿಸೋಣ ಅನ್ನಿಸುತ್ತೆ.

ಹಿತ್ತಲ ಬಾಗಿಲಿಗೆ ಚಿಲಕ ಒಳಗಡೆಯೋ, ಹೊರಗಡೆಯೋ ಅಂತ ಅಂಜಿನಯ್ಯ ಕೇಳ್ತಾ ಇದಾನೆ. ಅದಕ್ಕೇ ನೆನಪಾಯಿತು. ನಿಮ್ಮ ಬಂಗಲೆ ಗೇಟಿಗೆ ಚಿಲಕ ಯಾವ ಕಡೆ ಇದೆ?

ಇತಿ,
ಅಂಬುಜಾ


ಮದರಾಸು
6 ಮಾರ್ಚ್ 1954

ಅಂಬುಜಾ,

ಶಿವರಾತ್ರಿಗೆ ಬರಲಾಗಲಿಲ್ಲ ಅನ್ನುವುದು ಶಿವನಿಗೂ ಗೊತ್ತು, ನಿನಗೂ ಗೊತ್ತು. ಯುಗಾದಿಗೆ ನೋಡೋಣ.

ಹೇಮಲೇಖೆ ಬಾಯಿ ಬಿಡುತ್ತಿಲ್ಲ. ರಾಕ್ಷಸನ ಮಾತು ಸರಾಗವಾಗಿ ಬರುತ್ತೆ. ಗದ್ದಲ ಬರೆಯುವುದು ಸುಲಭ. ಇವಳಿಗೆ ಏನು ಬರೆದರೂ ನಾಟಕದ ಕಂದಪದ್ಯವಾಗುತ್ತೆ. ಸಾಹುಕಾರರು ಓದುತ್ತಾರೆ, ತಲೆ ಅಲ್ಲಾಡಿಸುತ್ತಾರೆ, "ಚೆನ್ನಾಗಿದೆ ಕವಿಗಳೇ, ಅಳು ಬರ್ಲಿಲ್ಲ" ಅಂದು ಸೇಬಿನ ಹಣ್ಣು ಕಳಿಸುತ್ತಾರೆ. ಅಳು ಬಾರದಷ್ಟೂ ಸೇಬು ಹೆಚ್ಚು.

ಈಚೆಗೆ ಸೆಟ್ಟಿನ ಅರಮನೆಯ ಗೋಡೆಗೆ ಚಿತ್ರ ಬರೆಯುವವರು ಬಂದು ನಕ್ಷೆ ತೋರಿಸಿದರು. ಕಿಟಕಿಯಲ್ಲಿ ಒಬ್ಬ ಹೆಂಗಸು, ಪಕ್ಕದಲ್ಲಿ ಪಂಜರದ ಗಿಳಿ. ಇದನ್ನು ನಮ್ಮ ವಠಾರದ ಪ್ರತಿ ಕ್ಯಾಲೆಂಡರಿನಲ್ಲೂ ನೋಡಿದ್ದೇವೆ, ಅಲ್ಲವೇ? ಗಿಳಿಗೆ ಪಂಜರ, ಅವಳಿಗೆ ಕಿಟಕಿ, ಎರಡಕ್ಕೂ ಒಂದೇ ಡಬ್ಬಿಯ ಚಿನ್ನದ ಬಣ್ಣ. "ಪಂಜರಕ್ಕೆ ಬಾಗಿಲೆಲ್ಲಿ ಸಾರ್?" ಅಂದೆ. "ಬಾಗಿಲು ಬರೆಯೋ ವಾಡಿಕೆ ಇಲ್ಲ ಕವಿಗಳೇ" ಅಂದರು.

ಆಮೇಲೆ ಯೋಚಿಸಿದೆ. ನಮ್ಮ ಕಥೆಗಳಲ್ಲಿ ಯಾವ ರಾಕ್ಷಸನೂ ಯಾರನ್ನೂ ದನದ ಕೊಟ್ಟಿಗೆಯಲ್ಲಿ ಕೂಡಿಹಾಕುವುದಿಲ್ಲ. ಸೆರೆ ಅಂದರೆ ಹಂಸತೂಲಿಕಾತಲ್ಪ. ನೆಲದ ಟಿಕೆಟ್ಟಿನ ಪ್ರೇಕ್ಷಕನಿಗೆ ಕಂಬಿಯ ಸೆರೆ ಬೇಕಿಲ್ಲ, ಅದು ಅವನ ಮನೆಯಲ್ಲೇ ಇದೆ. ರಾಕ್ಷಸನ ಅರಮನೆ ನೋಡಿ ಅವನು ಅಯ್ಯೋ ಪಾಪ ಅನ್ನುತ್ತಾನೆ, ಜೊತೆಗೆ ಮನಸ್ಸಿನಲ್ಲೇ ನನ್ನನ್ನೂ ಒಂದು ವಾರ ಎತ್ತಿಕೊಂಡು ಹೋಗಬಾರದೇ ಅನ್ನುತ್ತಾನೆ.

ಮೆತ್ತೆಹಾಸಿಗೆ ಉಂಟು, ನಿದ್ದೆ ಇಲ್ಲ,
ಸುತ್ತ ಸೇವಕರುಂಟು, ಸದ್ದೇ ಇಲ್ಲ.

ನಿನ್ನ ಕಾಗದ ದಿಂಬಿನ ಕೆಳಗಿದೆ. ಉದ್ದವಾಗಿ ಬರಿ.

ನಿನ್ನ,
ಪುರುಷೋತ್ತಮ


ಬಿನ್ನಿಪೇಟೆ
5 ಏಪ್ರಿಲ್ 1954

ಯಜಮಾನರಿಗೆ,

ನಿನ್ನೆ ಯುಗಾದಿ ಆಯಿತು. ಬೇವು ನನ್ನ ಪಾಲು, ಬೆಲ್ಲ ನಿಮ್ಮ ಪಾಲು ಅಂತ ಬಟ್ಟಲಲ್ಲಿ ತೆಗೆದಿಟ್ಟಿದ್ದೆ. ಇವತ್ತು ಬೆಳಿಗ್ಗೆ ನೋಡಿದರೆ ಇರುವೆ ಮುತ್ತಿತ್ತು. ಓಡಿಸಲಿಲ್ಲ, ಬಿಟ್ಟೆ. ಯಾರಾದರೂ ತಿನ್ನಲಿ.

ಮನೆ ಮುಗಿಯಿತು ಅಂತಲೇ ಹೇಳಬೇಕು. ಸೂರು ಆಯಿತು. ನೆಲಕ್ಕೆ ಕೆಂಪು ಗಾರೆ. ತೆಂಗಿನ ಕರಟದಲ್ಲಿ ತಿಕ್ಕಿ ತಿಕ್ಕಿ ನಾನೇ ಹೊಳಪು ಬರಿಸಿದೀನಿ, ಮುಖ ಕಾಣುತ್ತೆ. ನೀವು ಹೇಳಿದ ಕನ್ನಡಿಯಂಥ ನೆಲ ಇಲ್ಲೂ ಇದೆ ಅಂತ ತಿಳಿಸೋಣ ಅಂತ ಬರೆದೆ.

ಬೀಗದ ಕೈ ನನ್ನ ಸೊಂಟದಲ್ಲಿದೆ. ಆದರೆ ಒಲೆ ಹಚ್ಚೋ ಹಾಗಿಲ್ಲ, ದೀಪ ಇಡೋ ಹಾಗಿಲ್ಲ, ಚಾಪೆ ಹಾಸೋ ಹಾಗಿಲ್ಲ. ದಂಪತಿ ಜೊತೆಯಲ್ಲಿ ಮಣೆ ಮೇಲೆ ಕೂತು ಹಾಲು ಉಕ್ಕಿಸದೆ ಅದು ಮನೆ ಅಲ್ಲವಂತೆ, ಕಟ್ಟಡವಂತೆ. ಸಂಜೆ ಹೋಗಿ ಗುಡಿಸ್ತೀನಿ. ಕತ್ತಲಾಗೋಕೆ ಮುಂಚೆ ಬೀಗ ಹಾಕಿಕೊಂಡು ಈ ಒಂದು ಕೋಣೆಗೆ ವಾಪಸ್ಸು ಬರ್ತೀನಿ. ನಿಮ್ಮನ್ನ ಒಳಗಿಟ್ಟು ಬೀಗ ಹಾಕಿದಾರೆ, ನನ್ನನ್ನ ಹೊರಗಿಟ್ಟು ಬೀಗ ಹಾಕಿದಾರೆ. ನನ್ನ ಬೀಗಕ್ಕೆ ನೀವೇ ಕೀಲಿಕೈ ಕಣ್ರೀ.

ಪುರೋಹಿತರು ವೈಶಾಖದಲ್ಲಿ ಒಳ್ಳೆ ಮುಹೂರ್ತ ಇದೆ ಅಂದರು. ಬಂದೇ ಬರ್ತಾರೆ ಅಂತ ಹೇಳಿದೀನಿ.

ಚಿಲಕದ ವಿಷಯ ಕೇಳಿದ್ದೆ. ಬರೆಯಲಿಲ್ಲ.

ಇತಿ,
ಅಂಬುಜಾ


ಮದರಾಸು
20 ಏಪ್ರಿಲ್ 1954

ಅಂಬುಜಾ, ಅಂಬುಜಾ,

ಗೆದ್ದೆ! ಅಲ್ಲ, ಗೆದ್ದೆವು.

ಒಂದು ಮಧ್ಯಾಹ್ನ ಏನೂ ತೋಚದೆ ನಿನ್ನ ಕಾಗದ ತೆಗೆದು ಓದುತ್ತಾ ಕೂತಿದ್ದೆ. ಪೆನ್ನು ತಾನಾಗಿ ಓಡಿತು. ರಾಜಕುಮಾರಿ ಹೊಸ್ತಿಲ ಬಳಿ ಒಬ್ಬಳೇ ಕೂತಿದ್ದಾಳೆ. ಹೆಜ್ಜೆ ಸದ್ದು. ತಿರುಗುತ್ತಾಳೆ. ಯಾರೂ ಇಲ್ಲ. ಆಗ ಹೇಳುತ್ತಾಳೆ: "ಗಾಳಿಯೇ, ಬಂದೆಯಾ? ಅಷ್ಟು ದೂರದಿಂದ ಬಂದಿದ್ದೀಯೆ. ಕೂತುಕೋ, ನೀರು ಕೊಡುತ್ತೇನೆ."

ಸಾಹುಕಾರರು ಓದಿದರು. ಕನ್ನಡಕ ತೆಗೆದರು. ಸೇಬು ಕಳಿಸಲಿಲ್ಲ. "ಎಲ್ಲಿತ್ತು ಕವಿಗಳೇ ಇದು ಇಷ್ಟು ದಿನ?" ಅಂದರು. ಆಮೇಲೆ ಸ್ವಲ್ಪ ಯೋಚಿಸಿ, ರಾಜಕುಮಾರಿ ಬರೀ ನೀರು ಕೊಟ್ಟರೆ ಚೆನ್ನಾಗಿರಲ್ಲ, ಪನ್ನೀರು ಮಾಡಿ ಅಂದರು. ಮಾಡಿದೆ.

ಬಿನ್ನಿಪೇಟೆಯ ನಲ್ಲಿ ನೀರು,
ಚಿನ್ನದ ಬಟ್ಟಲೊಳು ಪನ್ನೀರು!

ಚಿತ್ರೀಕರಣಕ್ಕೆ ನನ್ನನ್ನೂ ಕಾರಿನಲ್ಲಿ ಕರೆದುಕೊಂಡು ಹೋದರು. ಅರಮನೆಯ ಕಂಬಗಳು ಸುಣ್ಣದ ಅಚ್ಚು. ಒರಗಿ ನಿಂತರೆ ಚಿನ್ನ ಅಂಗಿಗೆ ಹತ್ತುತ್ತೆ. ಹೇಮಲೇಖೆಯ ಪಾತ್ರದ ಹುಡುಗಿ ಆ ಮಾತು ಹೇಳಿದಳು ನೋಡು, ಮೇಲೆ ಅಟ್ಟದಲ್ಲಿ ಕೂತ ಲೈಟಿನವರು ಮೂಗು ಒರೆಸಿಕೊಂಡರು. ಅವಳ ಬಾಯಲ್ಲಿ ನಿನ್ನ ಮಾತು!

ಈಗ ಸಾಹುಕಾರರಿಗೆ ಇಂಥವು ಇನ್ನಷ್ಟು ಬೇಕಂತೆ. ಕಥೆಯನ್ನೇ ಬೆಳೆಸುತ್ತಾರೆ. ವೈಶಾಖ ಆಗಲಾರದು, ಜ್ಯೇಷ್ಠಕ್ಕೆ ಮುಂದೂಡು. ಆಮೇಲೆ ಒಂದು ಉಪಕಾರ. ಮೊದಲಿನ ಹಾಗೆ ಉದ್ದವಾದ ಕಾಗದ ಬರಿ. ಸಂಜೆ ಹೊತ್ತು, ಮೆಟ್ಟಿಲು, ಒಂಟಿತನ, ಎಲ್ಲ ಬರಲಿ. ಬೀಗದ ಮಾತು ಆಗಲೇ ಎರಡನೆಯ ಅಂಕಕ್ಕೆ ಹೋಯಿತು.

ನಿನ್ನ ಪ್ರತಿಭೆಯ ಪ್ರತಿಲಿಪಿಕಾರ,
ಪುರುಷೋತ್ತಮ


ಬಿನ್ನಿಪೇಟೆ
27 ಏಪ್ರಿಲ್ 1954

ಯಜಮಾನರಿಗೆ,

ಕಾಗದ ಬಂತು. ನೀಲಗಂಗಮ್ಮನವರಿಗೆ ಓದಿ ಹೇಳಲಿಲ್ಲ.

ಅವಳದು ಚಿನ್ನದ ಬಟ್ಟಲು, ನನ್ನದು ಹಿತ್ತಾಳೆ ಲೋಟ. ಬಾಯಾರಿಕೆ ಮಾತ್ರ ನನ್ನದೇ ಕೊಟ್ಟಿರಿ.

ನಾನು ಬರೆದದ್ದು ನೀವು ಬರಲಿ ಅಂತ. ನಾನು ಚೆನ್ನಾಗಿ ಬರೆದಷ್ಟೂ ಅವರು ನಿಮ್ಮನ್ನ ಇಟ್ಟುಕೊಳ್ತಾರೆ ಅಂತ ಗೊತ್ತಿರಲಿಲ್ಲ.

ಹಿತ್ತಲ ಬಾಗಿಲಿಗೆ ಬಣ್ಣ ಬಳಿದಾಯಿತು. ನೀಲಿ. ಸುಣ್ಣ ಎರಡು ಕೈ ಆಗಿದೆ. ಕಿಟಕಿಯ ಒಂದು ಬಾಗಿಲು ಬಿಗಿಯಾಗಿ ಹಿಡಿಯುತ್ತೆ, ಅಂಜಿನಯ್ಯ ಕೆತ್ತಿಸಿ ಕೊಡ್ತಾನೆ.

ಇತಿ,
ಅಂಬುಜಾ


ಮದರಾಸು
12 ಮೇ 1954

ಅಂಬುಜಾ,

ನಿನ್ನ ಕಾಗದದಲ್ಲಿ ಸುಣ್ಣ, ಬಣ್ಣ, ಕಿಟಕಿ ಎಲ್ಲ ಇತ್ತು. ನೀನಿರಲಿಲ್ಲ. ಅದಾದ ಮೇಲೆ ಕಾಗದವೂ ಇಲ್ಲ.

'ಕ್ಷಮಿಸು' ಅನ್ನುವುದಕ್ಕೆ ಪ್ರಾಸ ಹುಡುಕುತ್ತಾ ಕೂತೆ. ಶ್ರಮಿಸು, ಗಮಿಸು, ವಿರಮಿಸು, ಎಲ್ಲ ಸಿಕ್ಕವು. ಸಾಲಾಗಿ ಬರೆದು ನೋಡಿದರೆ ಯಾರೋ ಅಪರಿಚಿತನ ಲಗ್ನಪತ್ರಿಕೆಯ ಹಾಗಿತ್ತು. ಹರಿದೆ.

ಇಲ್ಲಿ ಬೆಳಿಗ್ಗೆ ಟಪಾಲಿನವನ ಗಂಟೆಗೆ ಕಾಯುವುದೊಂದೇ ಕೆಲಸ. ಅವನು ನನ್ನನ್ನು ಕಂಡರೆ ಈಗ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಅಂತ. ಹೇಮಲೇಖೆ ಮತ್ತೆ ಮೂಕಿಯಾಗಿದ್ದಾಳೆ. ಸಾಹುಕಾರರು, "ಏನು ಕವಿಗಳೇ, ಬಾವಿ ಬತ್ತಿತೇ?" ಅಂದರು. ಬಾವಿ ನನ್ನದಲ್ಲ ಅಂತ ಹೇಳುವ ಧೈರ್ಯ ಬರಲಿಲ್ಲ.

ಬೈದಾದರೂ ಒಂದು ಸಾಲು ಬರಿ. ಯಾರಿಗೂ ಕೊಡುವುದಿಲ್ಲ.

ಪುರುಷೋತ್ತಮ


ಮದರಾಸು
30 ಮೇ 1954

ಅಂಬುಜಾ,

ನೀನು ಎರಡು ಸಲ ಕೇಳಿದ್ದಕ್ಕೆ ಉತ್ತರ.

ಚಿಲಕ ಒಳಗಡೆ ಇದೆ.

ಗೂರ್ಖಾ ತಾಯಿಗೆ ಹುಷಾರಿಲ್ಲ ಅಂತ ಮಾರ್ಚಿನಲ್ಲೇ ಊರಿಗೆ ಹೋದ, ಬರಲಿಲ್ಲ. ಬೇರೆ ಯಾರನ್ನೂ ಇಟ್ಟಿಲ್ಲ. ಬೆಳಿಗ್ಗೆ ಹಾಲಿನವಳಿಗೆ ಗೇಟು ತೆಗೆಯುವವನು ನಾನೇ. ಚಿಲಕ ತೆಗೆಯುತ್ತೇನೆ, ಹಾಲು ಇಸಕೊಳ್ಳುತ್ತೇನೆ, ರಸ್ತೆಯನ್ನು ಆ ಕಡೆ ಈ ಕಡೆ ನೋಡುತ್ತೇನೆ, ಮತ್ತೆ ಚಿಲಕ ಹಾಕಿಕೊಂಡು ಒಳಗೆ ಬರುತ್ತೇನೆ.

ಯಾಕೆ ಅಂತ ನೀನು ಕೇಳುವುದಿಲ್ಲ. ಆದರೂ ಹೇಳುತ್ತೇನೆ. ಸ್ಕೂಲಿನಲ್ಲಿ ನಾನು ಬಾಯಿ ತೆರೆದರೆ ಮಕ್ಕಳು ಗಡಿಯಾರ ನೋಡುತ್ತಾರೆ. ಇಲ್ಲಿ ನಾನು ಕೆಮ್ಮಿದರೂ ಒಬ್ಬ ಬರೆದುಕೊಳ್ಳಲು ಸಿದ್ಧನಿದ್ದಾನೆ. ನಲವತ್ತೈದು ದಾಟಿದವನಿಗೆ ಯಾರೋ 'ಕವಿಗಳೇ' ಅಂದರೆ, ಅಂಬುಜಾ, ಸೇಬಿಗಿಂತ ಅದು ರುಚಿ. ನಿನ್ನ ನೆನಪಾದರೆ ಎದೆ ಕಿತ್ತುಬರುತ್ತೆ. ಅದೂ ಸುಳ್ಳಲ್ಲ. ನೆನಪಾಗುತ್ತೆ, ಕಾಗದ ಬರೆಯುತ್ತೇನೆ, ಊಟಕ್ಕೆ ಕರೆಯುತ್ತಾರೆ, ಹೋಗುತ್ತೇನೆ. ರಾಕ್ಷಸ ಕೆಟ್ಟವನಲ್ಲದಿದ್ದರೆ ಕಥೆ ಎಷ್ಟು ಕಷ್ಟ ನೋಡು.

ಆ ದೃಶ್ಯ ತೆಗೆದುಬಿಡಿ ಅಂತ ಸಾಹುಕಾರರನ್ನು ಕೇಳಿದೆ. ನಕ್ಕರು. ಫಿಲಂ ಮೇಲೆ ಹೋದದ್ದು ಹೋಯಿತಂತೆ. ನಿನ್ನ ಗಾಳಿಯನ್ನು ನಿನಗೆ ವಾಪಸ್ಸು ಕೊಡಲು ಆಗುವುದಿಲ್ಲ.

ಪುರುಷೋತ್ತಮ


ಬಿನ್ನಿಪೇಟೆ
8 ಜೂನ್ 1954

ಯಜಮಾನರಿಗೆ ನಮಸ್ಕಾರ.

ನೀವು ಹೇಳೋದಕ್ಕೆ ಮುಂಚೆಯೇ ಗೊತ್ತಿತ್ತು. ಹೊರಗಡೆ ಚಿಲಕ ಇದ್ದಿದ್ದರೆ ನೀವು ಮೊದಲನೇ ಕಾಗದದಲ್ಲೇ ಅದರ ಮೇಲೆ ಎರಡು ಸಾಲು ಪದ್ಯ ಕಟ್ಟಿರುತ್ತಿದ್ದಿರಿ.

ಈಗ ವಿಷಯ. ವಠಾರದ ಯಜಮಾನರ ಮಗಳು ಸಂಸಾರ ಸಮೇತ ಬರ್ತಾಳಂತೆ, ಈ ತಿಂಗಳ ಕೊನೆಗೆ ಕೋಣೆ ಬಿಡಬೇಕು. ಮುಂದಿನ ತಿಂಗಳು ಆಷಾಢ, ಹೊಸ ಮನೆಗೆ ಕಾಲಿಡೋ ಹಾಗಿಲ್ಲ. ಉಳಿದಿರೋದು ಒಂದೇ ಮುಹೂರ್ತ. ಜೂನ್ 21, ಸೋಮವಾರ, ಬೆಳಿಗ್ಗೆ ಒಂಬತ್ತೂವರೆ. ಇನ್ನು ಮುಂದೂಡಲ್ಲ. ನಾನು ಒಳಗೆ ಹೋಗ್ತೀನಿ.

ನೀಲಗಂಗಮ್ಮನವರು ಒಂದು ದಾರಿ ಹೇಳಿದರು. "ಗಂಡ ದೂರದಲ್ಲಿದ್ರೆ ಅವನ ಶಲ್ಯ ಮಣೆ ಮೇಲಿಟ್ಟು ಸೆರಗಿಗೆ ಗಂಟು ಹಾಕ್ಕೊಂಡು ಕೂತ್ಕೋಬೋದು ಕಣೇ, ನಮ್ಮತ್ತೆ ಹಾಗೇ ಮಾಡಿದ್ರು." ಶಲ್ಯ ನೀವು ಮದರಾಸಿಗೆ ಹೊದ್ದುಕೊಂಡು ಹೋದಿರಿ. ಪೆಟ್ಟಿಗೆ ಎಲ್ಲ ಹುಡುಕಿದೆ. ಇಲ್ಲಿ ನಿಮ್ಮದು ಅಂತ ಉಳಿದಿರೋದು ಛತ್ರಿ. ಛತ್ರಿ ಆದೀತೇ ಅಂತ ಪುರೋಹಿತರನ್ನ ಕೇಳಿದೆ. ಬಹಳ ಹೊತ್ತು ಕೆಮ್ಮಿದರು. ಆಮೇಲೆ, "ಮಡಿಸಿದ್ದರೆ ಆಗಬಹುದು" ಅಂದರು.

ಮಣೆ ಎರಡು ಹಾಕಿಸ್ತೀನಿ. ನೀವು ಬಂದರೆ ನೀವು. ಇಲ್ಲದಿದ್ದರೆ ಛತ್ರಿ. ಅದಕ್ಕೆ ಪ್ರಾಸ ಬರಲ್ಲ, ಮಳೆ ಬಂದರೆ ಬಿಚ್ಚಿಕೊಳ್ಳುತ್ತೆ.

ಹಿತ್ತಲ ಬಾಗಿಲಿಗೂ ಮುಂಬಾಗಿಲಿಗೂ ಚಿಲಕ ಒಳಗಡೆ ಹಾಕಿಸಿದೀನಿ. ಹಾಕಿಕೊಳ್ಳೋದೂ ತೆಗೆಯೋದೂ ಒಳಗಿರೋರ ಕೈಲೇ ಇರಲಿ ಅಂತ.

ಗಾಳಿ ಬೀಸ್ತಾ ಇದೆ. ಅದರ ವಿಷಯ ಬರೆಯೋದಿಲ್ಲ.

ಇತಿ,
ಅಂಬುಜಾ


ಜೋಲಾರಪೇಟೆ ಜಂಕ್ಷನ್
21 ಜೂನ್ 1954, ಸೋಮವಾರ

ಅಂಬುಜಾ,

ಕಾರ್ಡು ಸಣ್ಣದು, ಅಕ್ಷರ ಸಣ್ಣದಾಗಿಸುತ್ತೇನೆ.

ನಿನ್ನೆ ರಾತ್ರಿಯ ಮೇಲ್ ರೈಲು ಹತ್ತಿದ್ದರೆ ಈಗ ನಿನ್ನ ಪಕ್ಕದಲ್ಲಿರುತ್ತಿದ್ದೆ. ಚೀಲ ಹಿಡಿದು ಗೇಟಿನ ತನಕ ಬಂದಿದ್ದೆ, ಚಿಲಕವನ್ನೂ ತೆಗೆದಿದ್ದೆ. ಸಾಹುಕಾರರು, "ಬಸ್ಸಿನಲ್ಲಿ ಹೋಗೋದೇ ಕವಿಗಳೇ? ಕಾರಿನಲ್ಲೇ ಬಿಡಿಸ್ತೀನಿ, ಕೂತ್ಕೊಳ್ಳಿ" ಅಂದರು. ಕೂತುಕೊಂಡೆ. ಕಾರು ಎಲ್ಲಿಗೋ ಹೋಗಿದ್ದು ಬರುವುದು ತಡವಾಯಿತು. ಬಸ್ಸಿನಲ್ಲಿ ಸ್ಟೇಷನ್ನಿಗೆ ಹೋಗಿದ್ದರೆ ಮೇಲ್ ಸಿಗುತ್ತಿತ್ತು. ಆಮೇಲೆ ಸಿಕ್ಕ ಪ್ಯಾಸೆಂಜರ್ ಹತ್ತಿದೆ. ಅದು ಕಂಡ ಕಂಡ ಊರಿಗೆಲ್ಲ ನಮಸ್ಕಾರ ಹೇಳಿಕೊಂಡು ಬರುತ್ತಿದೆ.

ಹೇಮಲೇಖೆಯ ಕೊನೆಯ ದೃಶ್ಯಕ್ಕೆ ಮಾತು ಬರೆಯಲಿಲ್ಲ. 'ಬಾಗಿಲು ತೆಗೆದು ಹೋಗುತ್ತಾಳೆ' ಅಂತ ಬರೆದುಕೊಟ್ಟೆ. ಸಾಹುಕಾರರಿಗೆ ಬೇಸರವಾಗಿದೆ. ಇನ್ನು ಕವಿಗಳೇ ಅನ್ನಲಾರರು.

ಸ್ಟೇಷನ್ ಗಡಿಯಾರದಲ್ಲಿ ಈಗ ಒಂಬತ್ತೂವರೆ. ಅಲ್ಲಿ ಹಾಲು ಉಕ್ಕುತ್ತಿರಬೇಕು. ಛತ್ರಿ ನನಗಿಂತ ನೆಟ್ಟಗೆ ಕೂತಿರಬೇಕು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ಬೆಂಗಳೂರಿನ ಕಡೆಗೆ ಕೈ ಮುಗಿದೆ. ಯಾಕೆ ಅಂತ ಒಬ್ಬ ಹಮಾಲಿ ಕೇಳಿದ. ಗೃಹಪ್ರವೇಶ ಅಂದೆ.

ವಿಳಾಸದಲ್ಲಿ ಬಿನ್ನಿಪೇಟೆ ಅಂತ ಬರೆಯಲು ಹೋಗಿ, ಹೊಡೆದು ಹಾಕಿ, ರಾಜಾಜಿನಗರ ಅಂತ ಬರೆದಿದ್ದೇನೆ. ಆ ಮನೆಗೆ ಬರುವ ಮೊದಲ ಕಾಗದ ಇದು. ನಾನು ಬಂದ ಮೇಲೆ ಇದು ಬರುತ್ತೆ. ಆಗ ನೀನೇ ಓದಿಕೋ, ನನಗೆ ಓದಿ ಹೇಳಬೇಡ.

ಛತ್ರಿಯನ್ನು ಮಣೆಯಿಂದ ಎಬ್ಬಿಸಬೇಡ, ಅದರ ಪಾಡಿಗೆ ಅದು ಇರಲಿ. ನಾನು ಕೆಳಗೆ ಕೂತುಕೊಳ್ಳುತ್ತೇನೆ. ಸಂಜೆ ಮೆಟ್ಟಿಲ ಹತ್ತಿರ ಚಪ್ಪಲಿ ಸದ್ದಾದರೆ, ಗಾಳಿ ಅಂದುಕೊಂಡೇ ಆಗಲಿ, ಒಂದು ಲೋಟ ನೀರು ಕೊಡು.

ಪುರುಷೋತ್ತಮ